ಕೂಲ್‌ನಾರಾದ ನಲವತ್ತನಾಲ್ಕನೆಯ ಡೇನಿಯಲ್

ಕೂಲ್‌ನಾರಾದ ಬೀದಿಯಲ್ಲಿ ನಿಂತು ‘ಸಲಿವನ್!’ ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಉಳಿದರ್ಧ, ‘ಹ್ಯಾರಿಂಗ್ಟನ್’ ಎಂದು ಯಾವಾಗ ಕೂಗುತ್ತಾರೋ ಎಂದು ಕಾಯುತ್ತಿರುತ್ತದೆ. ಐರ್ಲೆಂಡಿನ ಆ ಮೂಲೆಗೆ ದೇವರು ಕಲ್ಲನ್ನೂ ಸಮುದ್ರವನ್ನೂ ಧಾರಾಳವಾಗಿ ಕೊಟ್ಟು ಹೆಸರುಗಳಲ್ಲಿ ಮಾತ್ರ ಜಿಪುಣತನ ಮಾಡಿದ. ಊರಿನವರು ತಮ್ಮ ದಾರಿ ತಾವೇ ಕಂಡುಕೊಂಡರು, ಮನೆತನಕ್ಕೊಂದು ಅಡ್ಡಹೆಸರು ಇಟ್ಟುಕೊಂಡರು. ಬಡಗಿ ಸಲಿವನ್, ಗುಡ್ಡದ ಸಲಿವನ್, ಬೆಕ್ಕಿನ ಸಲಿವನ್. ಬೆಕ್ಕು ಎಲ್ಲಿಂದ ಬಂತು ಎಂದು ಕೇಳಿದರೆ ಆ ಮನೆಯವರು ಜಗಳಕ್ಕೇ ಬರುತ್ತಾರೆ. ಇನ್ನೊಂದು ಮನೆತನ ಬಾನ್. ಹಳೆಯ ಐರಿಷ್ ಮಾತಿನಲ್ಲಿ ಬಾನ್ ಎಂದರೆ ಬೆಳ್ಳಗಿನ ಕೂದಲಿನವನು. ಯಾವನೋ ಮುತ್ತಾತನ ತಲೆ ಬೆಳ್ಳಗಿತ್ತಂತೆ. ಆಮೇಲೆ ಹುಟ್ಟಿದವರ ಕೂದಲು ಕಾಗೆಗಪ್ಪಾದರೂ ಅವರು ಬಾನ್‌ಗಳೇ. ಸಲಿವನ್ ಎಂಬುದು ಪಾದ್ರಿಯ ಪುಸ್ತಕಕ್ಕೆ ಮತ್ತು ಸರ್ಕಾರದ ಕಾಗದಕ್ಕೆ. ಬದುಕುವುದಕ್ಕೆ, ಹೆಣ್ಣು ಕೇಳುವುದಕ್ಕೆ, ಬೈಯುವುದಕ್ಕೆ ಅಡ್ಡಹೆಸರೇ ಸಾಕಿತ್ತು.

ಈ ಅಡ್ಡಹೆಸರುಗಳೆಲ್ಲ ಬೆರಳ ತುದಿಯಲ್ಲಿದ್ದವಳು ಡಿಂಪ್ನಾ ಹ್ಯಾರಿಂಗ್ಟನ್. ಮೂವತ್ತೊಂದು ವರ್ಷ ಆ ಊರಿಗೆ ಕಾಗದ ಹಂಚಿದವಳು. ದಿನಾ ಬೆಳಿಗ್ಗೆ ಆರೂವರೆಗೆ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಚೀಲ ಬಿಚ್ಚಿ, ಕಿವಿಗೆ ಸಿಕ್ಕಿಸಿದ ಮೊಂಡು ಪೆನ್ಸಿಲ್ ತೆಗೆದು, ಲಕೋಟೆಯ ಮೂಲೆಯಲ್ಲಿ ಸಣ್ಣಗೆ ಬರೆಯುತ್ತಿದ್ದಳು: ‘ಬಡಗಿ’, ‘ಬೆಕ್ಕು’, ‘ಗುಡ್ಡ’. ಊರಿನಲ್ಲಿ ಆರು ಜನ ಮೇರಿ ಸಲಿವನ್‌ಗಳಿದ್ದರು. ಈ ಪೆನ್ಸಿಲ್ ಇಲ್ಲದೆ ಹೋಗಿದ್ದರೆ ಒಬ್ಬಳ ಆಸ್ಪತ್ರೆಯ ಕಾಗದ ಇನ್ನೊಬ್ಬಳಿಗೆ ಹೋಗಿ, ಆರೋಗ್ಯವಾಗಿದ್ದವಳು ಹಾಸಿಗೆ ಹಿಡಿಯುತ್ತಿದ್ದಳು.

ಒಂದು ಮನೆಯ ಕಾಗದದ ಮೇಲೆ ಮಾತ್ರ ಅವಳು ಏನೂ ಬರೆಯುತ್ತಿರಲಿಲ್ಲ. ಅದು ಅವಳದೇ ಮನೆ. ಮದುವೆಯ ಗೋಜಿಗೆ ಹೋಗದ ಡಿಂಪ್ನಾ, ತೊಂಬತ್ತಾರರ ತಾಯಿ ಅಬೀನಾಳ ಜೊತೆ ಇದ್ದಳು. ಮದುವೆಯಾಗಿ ಹ್ಯಾರಿಂಗ್ಟನ್ ಮನೆ ಸೇರಿ ಎಷ್ಟೋ ದಶಕ ಕಳೆದರೂ ಊರು ಅಬೀನಾಳನ್ನು ಕರೆಯುತ್ತಿದ್ದುದು ‘ಓಡಿದೋನ ಅಬೀನಾ’ ಎಂದು. ಓಡಿಹೋದವನ ಮಗಳು ಎಂದರ್ಥ. ಹೆತ್ತ ತಾಯಿಯ ಕಾಗದದ ಮೇಲೆ ಅದನ್ನು ಯಾವ ಕೈ ಬರೆದೀತು?

ಕಥೆ ಇಷ್ಟೇ. ಅಬೀನಾಳ ಅಪ್ಪ ಡ್ಯಾನ್ ಮೀನುಗಾರ. 1915ರ ಬೇಸಿಗೆಯಲ್ಲಿ ಬಸುರಿ ಹೆಂಡತಿ ನೋರಾಳನ್ನು ಬಿಟ್ಟು, ಆಗ ಐರ್ಲೆಂಡನ್ನೂ ಆಳುತ್ತಿದ್ದ ಇಂಗ್ಲೆಂಡಿನ ದೊರೆಯ ಸೈನ್ಯ ಸೇರಿದ. ತರಬೇತಿಯ ಶಿಬಿರದಿಂದ ಒಂದೇ ಒಂದು ಕಾಗದ ಬಂತು, ಅದೂ ಯಾರಿಂದಲೋ ಬರೆಸಿದ್ದು. ಆಮೇಲೆ ಸುದ್ದಿಯೇ ಇಲ್ಲ. ಎರಡು ವರ್ಷ ಕಾದ ನೋರಾ ಪಾದ್ರಿಯಿಂದ ಸೈನ್ಯಕ್ಕೆ ಕಾಗದ ಬರೆಸಿದಳು. ‘ಕೂಲ್‌ನಾರಾದ ಡೇನಿಯಲ್ ಸಲಿವನ್ ಎಂಬ ಸೈನಿಕ ನಮ್ಮ ಪಟ್ಟಿಯಲ್ಲಿಲ್ಲ’ ಎಂದು ಉತ್ತರ ಬಂತು. ಅಷ್ಟು ಸಾಕಾಯಿತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಸೈನ್ಯದಿಂದ ತಪ್ಪಿಸಿಕೊಂಡ, ಇಂಗ್ಲೆಂಡಿನಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ, ಕೆಂಪು ಕೂದಲಿನ ಮೂರು ಮಕ್ಕಳಿವೆ ಎಂಬಷ್ಟು ವಿವರವಾಗಿ ಸುದ್ದಿ ಹಬ್ಬಿತು. ಡ್ಯಾನನ ಅಣ್ಣನ ಮನೆಯವರು ತಮ್ಮ ಹೆಸರಿಗೆ ಮಸಿ ತಗಲಬಾರದೆಂದು ದೂರ ಸರಿದರು. ನೋರಾಳ ಮನೆಗೆ ಊರೇ ಹೊಸ ಅಡ್ಡಹೆಸರು ಕೊಟ್ಟಿತು.

ಆ ಹೆಸರನ್ನು ಶಾಲೆಯಲ್ಲಿ ಹಾಡು ಕಟ್ಟಿ ಹಾಡಿದವಳು ಅಂಚೆ ಮಾಸ್ತರರ ಮಗಳು ನೋನಿ. ಅಬೀನಾಳಿಗಿಂತ ಒಂದು ವರ್ಷ ದೊಡ್ಡವಳು. ‘ಓಡಿದ ಓಡಿದ ಡ್ಯಾನು ಓಡಿದ, ಹೆಂಡ್ತಿ ಅಳೋದು ಕೇಳದೆ ಓಡಿದ.’ ಹಾಡಿದವಳೂ ಕೇಳಿದವಳೂ ಇನ್ನೂ ಗಟ್ಟಿಯಾಗಿದ್ದರು. ಇಬ್ಬರೂ ಇಗರ್ಜಿಯಲ್ಲಿ ಭಾನುವಾರ ಭಾನುವಾರ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದರು. ನಡುವೆ ಐದು ಜನ ಕೂರುವಷ್ಟು ಜಾಗ ಖಾಲಿ ಇರುತ್ತಿತ್ತು, ಅಲ್ಲಿ ಯಾರೂ ಕೂರುತ್ತಿರಲಿಲ್ಲ.

ಅಬೀನಾ ಗಟ್ಟಿ ಹೆಂಗಸು. ಅತ್ತಿದ್ದನ್ನು ಮಗಳು ನೋಡಿರಲಿಲ್ಲ. ಆದರೆ ಪ್ರತಿ ನವೆಂಬರಿನಲ್ಲಿ ಒಂದು ದಿನ ಅವಳ ಮುಖ ಕಲ್ಲಾಗುತ್ತಿತ್ತು. ಸತ್ತವರ ಹೆಸರುಗಳನ್ನು ಬರೆದು ಲಕೋಟೆಯಲ್ಲಿ ಹಾಕಿ ಇಗರ್ಜಿಗೆ ಕೊಡುವ ದಿನ ಅದು. ತಿಂಗಳಿಡೀ ಆ ಹೆಸರುಗಳಿಗಾಗಿ ಪೂಜೆ ನಡೆಯುತ್ತದೆ. ಅಬೀನಾಳ ಪಟ್ಟಿಯಲ್ಲಿ ತಾಯಿ, ಗಂಡ, ಅತ್ತೆ, ಮಾವ, ಮೂರು ಜನ ಮೈದುನರು, ಕೊನೆಗೆ ಅವಳಿಗೆ ಕಂಡರಾಗದ ನಾದಿನಿಯೂ ಇದ್ದಳು. ಅಪ್ಪನ ಹೆಸರು ಇರಲಿಲ್ಲ.

“ಬರೀಲಾ ಅಮ್ಮ?” ಎಂದು ಡಿಂಪ್ನಾ ಪ್ರತಿ ವರ್ಷ ಕೇಳುತ್ತಿದ್ದಳು. “ಈಗಂತೂ ಸತ್ತೇ ಇರ್ತಾನಲ್ಲ. ಇದ್ದಿದ್ರೆ ನೂರಿಪ್ಪತ್ತು ದಾಟ್ತಿತ್ತು.”

“ಯಾವನಾಗಿ ಸತ್ತ ಅಂತ ತಿಳಕೊಂಡು ಬಾ, ಆಮೇಲೆ ಬರಿ. ನನ್ನಮ್ಮನ್ನ ಬಿಟ್ಟು ಓಡಿದೋನಾಗಿದ್ರೆ ನನ್ನ ಲಕೋಟೇಲಿ ಅವನಿಗೆ ಜಾಗ ಇಲ್ಲ.”

2008ರಲ್ಲಿ ಊರಿಗೆ ಒಂದು ಯೋಚನೆ ಬಂತು. ಮೊದಲ ಮಹಾಯುದ್ಧದಲ್ಲಿ ಸತ್ತ ಊರಿನ ಗಂಡಸರ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಬೇಕು. ತೊಂಬತ್ತು ವರ್ಷ ಅವರ ಮಾತನ್ನೇ ಯಾರೂ ಎತ್ತಿರಲಿಲ್ಲ. ದೊರೆಯ ಅಂಗಿ ತೊಟ್ಟು ಸತ್ತವನನ್ನು ನೆನೆಯುವುದು, ದೊರೆಯ ವಿರುದ್ಧ ಬಂದೂಕು ಹಿಡಿದ ಊರಿನಲ್ಲಿ ಅಷ್ಟು ಸುಲಭವಲ್ಲ. ಅಂತೂ ಕಾಲ ಕಳೆದು ಮನಸ್ಸು ಮೆತ್ತಗಾಗಿತ್ತು. ಸಮಿತಿಗೆ ಅಧ್ಯಕ್ಷರು ಶಾಲೆಯಿಂದ ನಿವೃತ್ತರಾದ ಫಿನ್‌ಬಾರ್ ಕ್ರೌಲಿ ಮೇಷ್ಟ್ರು. ಒಳ್ಳೆಯವರೇ, ಆದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಹಾಡು ಕಟ್ಟಿದ ನೋನಿಯ ಮಗ ಇವರೇ.

“ಸೈನ್ಯದ ಕಾಗದ ಇದ್ದೋರ ಹೆಸರು ಮಾತ್ರ ಕಲ್ಲಿನ ಮೇಲೆ,” ಎಂದು ಮೇಷ್ಟ್ರು ಮೊದಲ ಸಭೆಯಲ್ಲೇ ಸಾರಿದರು. ಆಮೇಲೆ ಡಿಂಪ್ನಾಳ ಕಡೆ ನೋಡಿ ದನಿ ಇಳಿಸಿದರು. “ನಿನ್ನ ಮನಸ್ಸು ನೋಯಿಸ್ಬೇಕು ಅಂತಲ್ಲಮ್ಮ. ಓಡಿಹೋದೋರ ಹೆಸರೂ ಸತ್ತೋರ ಹೆಸರೂ ಒಂದೇ ಕಲ್ಲಲ್ಲಿ ಕೂರಿಸೋಕಾಗಲ್ಲ ನೋಡು.”

ಡಿಂಪ್ನಾ ಆ ರಾತ್ರಿ ಊಟ ಮಾಡಲಿಲ್ಲ. ಮಾರನೆಯ ಗುರುವಾರವೇ, ಕಾಗದ ಹಂಚಿ ಮುಗಿಸಿ, ಹತ್ತಿರದ ಪಟ್ಟಣ ಬ್ಯಾಂಟ್ರಿಯ ಗ್ರಂಥಾಲಯಕ್ಕೆ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಎರಡು ಬೆರಳಿನಲ್ಲಿ ಕುಟ್ಟಿ ಕುಟ್ಟಿ ‘ಡೇನಿಯಲ್ ಸಲಿವನ್’ ಎಂದು ಹೊಡೆದಳು. ಪರದೆಯ ತುಂಬ ಡೇನಿಯಲ್ ಸಲಿವನ್‌ಗಳು ಎದ್ದು ನಿಂತರು.

ನಾಲ್ಕು ವರ್ಷ ಪ್ರತಿ ಗುರುವಾರ ಅವಳು ಅವರ ಜೊತೆ ಬಾಳಿದಳು. ಹಸಿರು ಅಟ್ಟೆಯ ಒಂದು ನೋಟುಪುಸ್ತಕದಲ್ಲಿ ಒಬ್ಬೊಬ್ಬ ಡೇನಿಯಲ್‌ಗೂ ಒಂದೊಂದು ಪುಟ. ಇವನ ಹೆಂಡತಿ ಬೇರೆ ಊರಿನವಳು, ಹೊಡೆದು ಹಾಕು. ಇವನಿಗೆ ಹತ್ತೊಂಬತ್ತೇ ವರ್ಷ, ಹೊಡೆದು ಹಾಕು. ಇವನು ಕುದುರೆ ಲಾಯದವನು, ನಮ್ಮವನಿಗೆ ಕುದುರೆ ಎಂದರೆ ಹೆದರಿಕೆ, ಹೊಡೆದು ಹಾಕು. ಅರ್ಧಕ್ಕಿಂತ ಹೆಚ್ಚು ಸೈನಿಕರ ಕಡತಗಳು ಎರಡನೆಯ ಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ ಸುಟ್ಟುಹೋಗಿದ್ದವು. ಸುಟ್ಟು ಉಳಿದವುಗಳಲ್ಲಿ ಎಲ್ಲಾದರೂ ಅಜ್ಜ ಇರಬಹುದೆಂದು ಹುಡುಕುತ್ತಲೇ ಹೋದಳು. ನಲವತ್ತಮೂರು ಡೇನಿಯಲ್‌ಗಳು ಮುಗಿದರು. ಒಬ್ಬನೂ ತಮ್ಮವನಲ್ಲ. ಹೊಡೆದು ಹಾಕಿದ ಪ್ರತಿಯೊಬ್ಬನ ಹೆಸರಿನಲ್ಲೂ ಒಂದು ಪ್ರಾರ್ಥನೆ ಹೇಳುವ ಅಭ್ಯಾಸ ಅವಳಿಗೆ ಬೆಳೆದಿತ್ತು. ಪಾಪ, ಅವರ ಮನೆಯಲ್ಲೂ ಯಾರೋ ಕಾದಿರಬೇಕಲ್ಲ.

“ಇನ್ನು ಬಿಟ್ಬಿಡು ಡಿಂಪ್ನಾ,” ಎಂದು ಮೇಷ್ಟ್ರು ಬಾಗಿಲಲ್ಲಿ ಕಾಗದ ತೆಗೆದುಕೊಳ್ಳುವಾಗ ಹೇಳಿದರು. “ನಾಲ್ಕು ವರ್ಷ ಹುಡುಕಿ ಸಿಗಲಿಲ್ಲ ಅಂದ್ರೆ ಇಲ್ಲ ಅಂತಾನೇ ಅರ್ಥ. ಅಕ್ಟೋಬರ್ ಹತ್ತಕ್ಕೆ ಕಲ್ಲು ಕೆತ್ತೋನು ಪಟ್ಟಿ ಕೇಳಿದ್ದಾನೆ. ನವೆಂಬರ್ ಮೊದಲ ಭಾನುವಾರ ಕಲ್ಲು ನಿಲ್ಲುತ್ತೆ.”

“ಅಕ್ಟೋಬರ್ ಹತ್ತು ಇನ್ನೂ ಬಂದಿಲ್ಲ ಮೇಷ್ಟ್ರೇ,” ಎಂದು ಡಿಂಪ್ನಾ ಸೈಕಲ್ ಹತ್ತಿದಳು. ಬಾಯಿಂದ ಜಂಬ ಬಂದರೂ ಎದೆಯಲ್ಲಿ ಆಸೆಯೇನೂ ಉಳಿದಿರಲಿಲ್ಲ. ತಾಯಿಗೆ ತೊಂಬತ್ತಾರು. ಈ ಕಲ್ಲು ತಪ್ಪಿದರೆ ಇನ್ನೊಂದು ಕಲ್ಲು ನೋಡಲು ಅವಳಿರುವುದಿಲ್ಲ.

ಜುಲೈ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಎಂದಿನಂತೆ ಚೀಲ ಬಿಚ್ಚಿದಳು. ಕೈಗೆ ಬಂದದ್ದು ವಿದ್ಯುತ್ ಕಂಪನಿಯ ಲಕೋಟೆ: ಡೇನಿಯಲ್ ಸಲಿವನ್, ಕೂಲ್‌ನಾರಾ. ಗುಡ್ಡದಾಚೆ ಇರುವ ದೂರದ ದಾಯಾದಿ, ಟ್ರ್ಯಾಕ್ಟರ್ ಓಡಿಸುವವನು. ಕಿವಿಯಿಂದ ಪೆನ್ಸಿಲ್ ತೆಗೆದು, ಯೋಚಿಸದೆ, ಮೂವತ್ತೊಂದು ವರ್ಷದ ಅಭ್ಯಾಸದಲ್ಲಿ ಮೂಲೆಯಲ್ಲಿ ಬರೆದಳು: ‘ಬಾನ್.’

ಬರೆದ ಕೈ ಅಲ್ಲೇ ನಿಂತಿತು.

ಇವನು ಡ್ಯಾನ್ ಬಾನ್. ಇವನ ಅಪ್ಪ, ಇವನ ತಾತ ಎಲ್ಲರೂ ಬಾನ್. ಆ ತಾತನ ತಮ್ಮನೇ ತನ್ನ ಅಜ್ಜ. ಊರು ಹೊಸ ಹೆಸರು ಹಚ್ಚುವ ಮೊದಲು ತನ್ನ ಅಜ್ಜನೂ ಡ್ಯಾನ್ ಬಾನ್! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತಾಗಿತ್ತು ಅವಳ ಕಥೆ.

ಅಂದು ಕೂಲ್‌ನಾರಾಕ್ಕೆ ಕಾಗದ ಎರಡು ಗಂಟೆ ತಡವಾಗಿ ಬಂತು, ಏಕೆಂದರೆ ಅಂಚೆಯವಳು ಮೊದಲು ತನ್ನ ಮನೆಗೇ ಓಡಿದ್ದಳು. ಅಬೀನಾ ಒಲೆಯ ಪಕ್ಕ ಕೂತು ಚಹಾದಲ್ಲಿ ಬ್ರೆಡ್ಡು ಅದ್ದುತ್ತಿದ್ದಳು.

“ಅಮ್ಮ, ನಿನ್ನ ಅಪ್ಪ ತನ್ನ ಹೆಸರು ಏನಂತ ಹೇಳ್ಕೋತಿದ್ದ?”

“ಡ್ಯಾನ್ ಬಾನ್ ಅಂತ. ಇನ್ನೇನಂತಾನೆ?”

“ಸಲಿವನ್ ಅಂತ?”

“ಯಾರು, ಅವನಾ? ನನ್ನಮ್ಮ ಹೇಳೋಳು, ಮದುವೆ ದಿವಸ ಪಾದ್ರಿ ‘ಡೇನಿಯಲ್ ಸಲಿವನ್’ ಅಂದಾಗ ಅವನು ಹಿಂದೆ ತಿರುಗಿ ನೋಡಿದ್ನಂತೆ, ಇನ್ಯಾವನು ಬಂದ ಮದುವೆ ಆಗೋಕೆ ಅಂತ.”

“ನಾಲ್ಕು ವರ್ಷದಿಂದ ಹುಡುಕ್ತಾ ಇದೀನಿ, ನನಗೆ ಯಾಕೆ ಹೇಳ್ಲಿಲ್ಲ?”

“ನೀನೆಲ್ಲಿ ಕೇಳಿದೆ? ಕಾಗದದಲ್ಲಿ ಕಾಗದದ ಹೆಸರೇ ಇರುತ್ತೆ ಅಂದ್ಕೊಂಡೆ. ಅಂಚೆಯೋಳು ನೀನಾ, ನಾನಾ?”

ಡಿಂಪ್ನಾ ಗುರುವಾರದವರೆಗೆ ಕಾಯಲಿಲ್ಲ. ಮಧ್ಯಾಹ್ನವೇ ಅಂಚೆಯ ಸಮವಸ್ತ್ರದಲ್ಲೇ ಬ್ಯಾಂಟ್ರಿಗೆ ಬಸ್ಸು ಹತ್ತಿದಳು. ಗ್ರಂಥಾಲಯದ ಊನಾ, ಇವತ್ತು ಮಂಗಳವಾರ ಅಲ್ಲವೇ ಎಂದು ಗೋಡೆಯ ಕ್ಯಾಲೆಂಡರು ನೋಡಿದಳು. ಡಿಂಪ್ನಾ ಎರಡು ಬೆರಳಿನಲ್ಲಿ ಹೊಡೆದಳು: ‘ಬಾನ್, ಡೇನಿಯಲ್.’

ಪರದೆಯ ಮೇಲೆ ಒಂದೇ ಸಾಲು ಬಂತು. ಮನ್‌ಸ್ಟರ್ ಪದಾತಿ ದಳ, 1916ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನಲ್ಲಿ ಹೋರಾಡುತ್ತ ಮರಣ. ದೇಹ ಸಿಕ್ಕಿಲ್ಲ. ಅಲ್ಲಿನ ಸ್ಮಾರಕದ ಗೋಡೆಯ ಮೇಲೆ ಸಾವಿರಾರು ಹೆಸರುಗಳ ನಡುವೆ ‘ಬಾನ್, ಡಿ.’ ಎಂದು ಎಂಬತ್ತು ವರ್ಷಗಳಿಂದ ಕೆತ್ತಿಯೇ ಇತ್ತು.

“ಡಿಂಪ್ನಾ, ಅಳ್ತಾ ಇದೀಯಾ, ನಗ್ತಾ ಇದೀಯಾ?” ಎಂದು ಊನಾ ಗಾಬರಿಯಾದಳು.

“ಎರಡೂ,” ಎಂದಳು ಡಿಂಪ್ನಾ. ಹಸಿರು ಪುಸ್ತಕದಲ್ಲಿ ಹೊಸ ಪುಟ ತೆಗೆದು ನಲವತ್ತನಾಲ್ಕು ಎಂದು ಬರೆದಳು.

ಆದರೆ ಡೇನಿಯಲ್ ಬಾನ್ ತಮ್ಮ ಡ್ಯಾನ್ ಬಾನೇ ಎಂದು ಮೇಷ್ಟ್ರ ಮುಂದೆ ಸಾಬೀತು ಮಾಡಬೇಕಲ್ಲ. ಅದಕ್ಕೆ ಸೈನ್ಯದ ಕಡತವೇ ಬೇಕು. ಲಂಡನ್ನಿನ ದಫ್ತರಕ್ಕೆ ಬರೆದಳು. ಸುಟ್ಟು ಉಳಿದ ಕಾಗದಗಳಲ್ಲಿ ಆ ಹೆಸರಿನದು ಒಂದಿದೆ, ಬಂದು ನೋಡಬಹುದು ಎಂದು ಉತ್ತರ ಬಂತು. ಹುಟ್ಟಿದಾರಭ್ಯ ಸಮುದ್ರ ದಾಟದ ಡಿಂಪ್ನಾ ಸೆಪ್ಟೆಂಬರಿನಲ್ಲಿ ಹಡಗು ಹತ್ತಿದಳು. ಹೊರಡುವಾಗ ಅಬೀನಾ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: “ಎಡಗೈ ಕಿರುಬೆರಳು ನೋಡು. ತುದಿ ಇರಬಾರದು. ಹುಡುಗನಾಗಿದ್ದಾಗ ದೋಣಿಯ ಹಗ್ಗ ಸುತ್ಕೊಂಡು ಹೋಯ್ತಂತೆ.”

ಸುಟ್ಟ ಕಾಗದ ಮುಟ್ಟಲು ಬಿಡಲಿಲ್ಲ, ಅದರ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ರೊಟ್ಟಿಯ ಸೀದ ಅಂಚಿನಂತೆ ನಾಲ್ಕೂ ಕಡೆ ಕಪ್ಪಾದ ಹಾಳೆ. ಹೆಸರು: ಡೇನಿಯಲ್ ಬಾನ್. ಊರು: ಕೂಲ್‌ನಾರಾ. ಕಸುಬು: ಮೀನು ಹಿಡಿಯುವುದು. ಕೂದಲು: ಕಪ್ಪು. ಹೆಂಡತಿ: ನೋರಾ ಬಾನ್. ಅದರ ಕೆಳಗೆ ಗುರುತಿನ ಚಿಹ್ನೆಗಳ ಸಾಲು. ಅರ್ಧ ಸುಟ್ಟಿತ್ತು, ಉಳಿದರ್ಧ ಓದಬಹುದಾಗಿತ್ತು: ‘ಎಡಗೈ ಕಿರುಬೆರಳಿನ ಮೇಲಿನ ಗೆಣ್ಣು ಇಲ್ಲ.’

ಡಿಂಪ್ನಾ ತನ್ನ ಎಡಗೈ ಕಿರುಬೆರಳನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಅಜ್ಜ ಯಾವ ಸುಳ್ಳನ್ನೂ ಹೇಳಿರಲಿಲ್ಲ. ಸೈನ್ಯಕ್ಕೆ ಸೇರಿಸಿಕೊಳ್ಳುವವನು ನಿನ್ನ ಹೆಸರೇನು ಎಂದು ಕೇಳಿದ್ದ, ಇವನು ಊರಿನಲ್ಲಿ ಎಲ್ಲರೂ ಕರೆಯುವ ಹೆಸರು ಹೇಳಿದ್ದ. ಅಷ್ಟೇ.

ಕೊನೆಯ ಹಾಳೆಯಲ್ಲಿ ಒಂದು ಸಣ್ಣ ಚೀಟಿ ಅಂಟಿಕೊಂಡಿತ್ತು. ಡ್ಯಾನ್ ಸತ್ತ ಸುದ್ದಿಯನ್ನು ಸೈನ್ಯ ‘ಶ್ರೀಮತಿ ನೋರಾ ಬಾನ್, ಕೂಲ್‌ನಾರಾ’ ಎಂಬ ವಿಳಾಸಕ್ಕೆ ಕಳಿಸಿತ್ತು. ಎರಡು ಸಲ ಕಳಿಸಿತ್ತು. ಎರಡು ಸಲವೂ ಅದು ಹಿಂದಿರುಗಿತ್ತು. ಚೀಟಿಯ ಮೇಲೆ ಕೂಲ್‌ನಾರಾ ಅಂಚೆ ಕಚೇರಿಯ ಮುದ್ರೆ, ದುಂಡನೆಯ ಅಂದವಾದ ಅಕ್ಷರದಲ್ಲಿ ಒಂದು ಸಾಲು: ‘ಈ ಹೆಸರಿನವರು ಈ ಊರಿನಲ್ಲಿಲ್ಲ.’ ಕೆಳಗೆ ರುಜು: ಜೆ. ಹೆನೆಸಿ, ಅಂಚೆ ಮಾಸ್ತರ.

ಹೆನೆಸಿ 1915ರ ಕ್ರಿಸ್‌ಮಸ್ಸಿಗೆ ಪಟ್ಟಣದಿಂದ ವರ್ಗವಾಗಿ ಬಂದವರು. ನಿಯಮದ ಮನುಷ್ಯ. ಪಾದ್ರಿಯ ಪುಸ್ತಕದಲ್ಲಿಲ್ಲದ ಹೆಸರಿಗೆ ಕಾಗದ ಕೊಡುವುದಿಲ್ಲ ಎಂದು ಅವರು ಹಟ ಹಿಡಿದದ್ದನ್ನು ಊರಿನ ಹಿರಿಯರು ತಮಾಷೆಯಾಗಿ ಹೇಳುತ್ತಿದ್ದರು. ಇತ್ತ ಪಾದ್ರಿಯೂ ಶಿಸ್ತಿನವನೇ. ಸೈನ್ಯಕ್ಕೆ ಬರೆಯುವಾಗ ಅಡ್ಡಹೆಸರು ಬರೆಯುವುದೇ ಎಂದು ‘ಸಲಿವನ್’ ಎಂದು ಬರೆದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ನೋರಾಳ ಬಾಳು ಹರಿದುಹೋಯಿತು. ಅವಳು ಶೋಕದ ಕಪ್ಪು ಬಟ್ಟೆ ತೊಡುವ ಹಾಗಿರಲಿಲ್ಲ, ವಿಧವೆಯೆಂದು ಅಳುವ ಹಾಗೂ ಇರಲಿಲ್ಲ. ಬಂದಿದ್ದ ಒಂದು ಕಾಗದವನ್ನೂ, ದೊರೆಯ ವಿರುದ್ಧ ಬಂದೂಕು ಹಿಡಿದವರು ಮನೆಮನೆ ಹುಡುಕುತ್ತಿದ್ದ 1921ರಲ್ಲಿ, ಹೆದರಿ ಒಲೆಗೆ ಹಾಕಿದ್ದಳು. ತಾನು ದಿನಾ ಕೂತು ಪೆನ್ಸಿಲ್ಲಿನಲ್ಲಿ ಅಡ್ಡಹೆಸರು ಬರೆಯುವ ಅದೇ ಕೋಣೆಯಿಂದ ಆ ಚೀಟಿ ಹೊರಟಿತ್ತು ಎಂದು ನೆನೆದಾಗ ಡಿಂಪ್ನಾಳಿಗೆ ಮೈಯೆಲ್ಲ ಉರಿಯಿತು.

ಅಷ್ಟೇ ಅಲ್ಲ. ಆ ಹೆನೆಸಿ ಮಾಸ್ತರರ ಮಗಳೇ ನೋನಿ. ಮೊಮ್ಮಗನೇ ಫಿನ್‌ಬಾರ್ ಮೇಷ್ಟ್ರು.

ಮನೆಗೆ ಬಂದವಳು ಪ್ರತಿಗಳನ್ನೆಲ್ಲ ಒಲೆಯ ಮುಂದೆ ತಾಯಿಗೆ ಒಂದೊಂದಾಗಿ ಓದಿ ಹೇಳಿದಳು. ಅಬೀನಾ ಕಣ್ಣು ಮುಚ್ಚಿ ಕೇಳಿದಳು. ಬೆರಳಿನ ಸಾಲು ಬಂದಾಗ “ಇನ್ನೊಂದ್ಸಲ ಓದು” ಎಂದಳು. ಮೂರು ಸಲ ಓದಿಸಿದಳು. ಆಮೇಲೆ ಕೇಳಿದಳು:

“ನಾನು ಹುಟ್ಟಿದ್ದು ಅವನಿಗೆ ಗೊತ್ತಾಗಿತ್ತಾ?”

“ಅದು ಕಾಗದದಲ್ಲಿ ಇಲ್ಲಮ್ಮ.”

“ಹೋಗಲಿ ಬಿಡು. ಅವನು ಹುಟ್ಟಿದ್ದು ನನಗೆ ಇವತ್ತು ಗೊತ್ತಾಯ್ತು.” ತೊಂಬತ್ತಾರು ವರ್ಷದ ಮುದುಕಿ ಅಂದು ಅತ್ತಳು, ಮಗಳ ಎದುರಿಗೇ, ಮುಚ್ಚುಮರೆಯಿಲ್ಲದೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಕೇಳಿದಳು: “ಆ ಚೀಟಿ ಏನ್ಮಾಡ್ತೀಯ?”

“ಸಭೇಲಿ ಎಲ್ಲರ ಮುಂದೆ ಓದ್ತೀನಿ. ಮೇಷ್ಟ್ರ ಮುಖ ನೋಡ್ಬೇಕು ನಾನು!”

“ಬೇಡ ಕಣೇ. ತಾತ ಮಾಡಿದ್ದಕ್ಕೆ ಮೊಮ್ಮಗನನ್ನ ಊರ ಬಾಯಿಗೆ ಹಾಕೋದಾ? ಆ ಊಟ ನಾನು ತೊಂಬತ್ತು ವರ್ಷ ಉಂಡಿದೀನಿ, ರುಚಿ ಗೊತ್ತು.” ಮತ್ತೆ ಸೇರಿಸಿದಳು, “ಆದ್ರೆ ಅವನೊಬ್ಬನಿಗೆ ತೋರ್ಸು. ಚೆನ್ನಾಗಿ ತೋರ್ಸು.”

ಅಕ್ಟೋಬರ್ ಎಂಟಕ್ಕೆ ಡಿಂಪ್ನಾ ಮೇಷ್ಟ್ರ ಮನೆಗೆ ಹೋದಳು. ಮೇಷ್ಟ್ರು ಕನ್ನಡಕ ಏರಿಸಿ ಕಡತ ಓದಿದರು. ಓದಿ, ಒಪ್ಪಿದರು ಎಂದುಕೊಂಡಿರಾ? ಇಲ್ಲ.

“ಸರಿಯಮ್ಮ, ಬೆರಳು ಅವನದೇ. ಒಪ್ಪಿದೆ. ಡೇನಿಯಲ್ ಸಲಿವನ್ ಅಂತ ಹಾಕೋಣ.”

“ಡೇನಿಯಲ್ ಸಲಿವನ್ ಬಾನ್ ಅಂತ ಹಾಕಿ.”

“ಅಡ್ಡಹೆಸರು ಕಲ್ಲಿನ ಮೇಲಾ? ನಗಾಡ್ತಾರೆ. ಕಲ್ಲಿಗೆ ಅಂತ ಒಂದು ನಿಯಮ ಇರಬೇಕು.”

ಆಗ ಡಿಂಪ್ನಾ ಚೀಟಿಯ ಪ್ರತಿಯನ್ನು ಮೇಜಿನ ಮೇಲಿಟ್ಟಳು. ಮೇಷ್ಟ್ರು ಸಾಲು ಓದುವ ಮೊದಲೇ ಅಕ್ಷರದ ಗುರುತು ಹಿಡಿದರು. ಆ ದುಂಡನೆಯ ಬರಹವನ್ನು ಅವರು ಚಿಕ್ಕಂದಿನಲ್ಲಿ ತಾತನ ಪಕ್ಕ ಕೂತು ತಿದ್ದಿ ಕಲಿತಿದ್ದರು.

“ನಿಯಮ ನಿಮ್ದಷ್ಟೇ ಅಲ್ಲ ಮೇಷ್ಟ್ರೇ, ನಿಮ್ಮ ತಾತಂದೂ ಇದೇ,” ಎಂದಳು ಡಿಂಪ್ನಾ ಮೆಲ್ಲಗೆ. “ಆ ನಿಯಮದಿಂದ್ಲೇ ನನ್ನ ಅಜ್ಜ ತೊಂಬತ್ತಾರು ವರ್ಷ ಕಳೆದುಹೋಗಿದ್ದ. ಇನ್ನೊಂದ್ಸಲ ಕಳೀಬೇಡಿ. ಈ ಚೀಟಿ ನಾನು ಯಾರಿಗೂ ತೋರ್ಸಲ್ಲ. ಅಮ್ಮ ಬೇಡ ಅಂದಿದ್ದಾಳೆ.”

ಮಾರನೆಯ ಸಂಜೆ ಊರ ಸಭಾಂಗಣದಲ್ಲಿ ಕೊನೆಯ ಸಭೆ. ಮೇಷ್ಟ್ರು ಎದ್ದು ನಿಂತರು. ಡಿಂಪ್ನಾ ತಮ್ಮ ಮೇಜಿನ ಮೇಲೆ ಬಿಟ್ಟುಹೋಗಿದ್ದ ಚೀಟಿಯನ್ನು ಜೇಬಿನಿಂದ ತೆಗೆದು, ಯಾರೂ ಕೇಳದಿದ್ದರೂ, ಮೊದಲಿನಿಂದ ಕೊನೆಯವರೆಗೆ ತಾವೇ ಓದಿದರು. ರುಜುವನ್ನೂ ಓದಿದರು. “ಇದು ನನ್ನ ತಾಯಿಯ ಅಪ್ಪನ ಕೈಬರಹ. ಡ್ಯಾನ್ ಬಾನ್ ಓಡಿಹೋಗಲಿಲ್ಲ. ನಿಂತು ಸತ್ತ. ಸುದ್ದಿ ಎರಡು ಸಲ ನಮ್ಮೂರ ಬಾಗಿಲಿಗೆ ಬಂತು, ನಮ್ಮ ಮನೆಯೋರೇ ಎರಡು ಸಲ ವಾಪಸ್ ಕಳ್ಸಿದ್ರು,” ಎಂದು ಕೂತುಬಿಟ್ಟರು.

ಡಿಂಪ್ನಾಳಿಗೆ ಅಂದು ಮೇಷ್ಟ್ರ ಮೇಲೆ ಮೊಟ್ಟಮೊದಲ ಸಲ ಪ್ರೀತಿ ಬಂತು. ಸಭೆ ಮಾತ್ರ ಸಂತೆಯಾಯಿತು.

“ಹಂಗಾದ್ರೆ ನಮ್ಮ ದೊಡ್ಡಜ್ಜನಿಗೂ ಬಡಗಿ ಅಂತ ಹಾಕಿ!” ಎಂದು ಒಬ್ಬ ಎದ್ದ. “ಪಟ್ಟಿಯಲ್ಲಿ ಆಗ್ಲೇ ಸಾಲು ಸಾಲು ಸಲಿವನ್‌ಗಳಿದ್ದಾರೆ. ಯಾವನು ಯಾರ ಮನೆಯೋನು ಅಂತ ಮಕ್ಕಳಿಗೆ ಹೆಂಗೆ ಗೊತ್ತಾಗ್ಬೇಕು?”

“ನಮ್ಮೋನಿಗೆ ಗುಡ್ಡ!”

“ನಮ್ಮೋನಿಗೆ ಬೆಕ್ಕು ಬೇಡ ಸ್ವಾಮಿ,” ಎಂದಿತು ಹಿಂದಿನ ಸಾಲಿನಿಂದ ಒಂದು ದನಿ.

“ಬೆಕ್ಕೂ ಹಾಕಿ, ಬೆಕ್ಕೂ ಹಾಕಿ!” ಎಂದು ಇಡೀ ಸಭೆ ಕೂಗಿತು. ಕಲ್ಲು ಕೆತ್ತುವವನಿಗೆ ಮಾರನೆಯ ದಿನ ಹೋದ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರುಗಳಿದ್ದವು, ಹತ್ತೊಂಬತ್ತಕ್ಕೂ ಅಡ್ಡಹೆಸರಿತ್ತು. ಕಲ್ಲನ್ನು ಒಂದಡಿ ಹೆಚ್ಚು ಅಗಲ ಮಾಡಬೇಕಾಯಿತು ಎಂದು ಅವನು ಇವತ್ತಿಗೂ ಗೊಣಗುತ್ತಾನೆ.

ನವೆಂಬರಿನ ಮೊದಲ ಭಾನುವಾರ ಬಿಸಿಲು ಬಿದ್ದಿತ್ತು. ಆ ಊರಿನಲ್ಲಿ ಅದನ್ನೇ ಪವಾಡವೆಂದು ಬರೆದಿಡಬಹುದು. ಬೆಳಿಗ್ಗೆ ಅಬೀನಾ ಮಗಳನ್ನು ಕರೆದು ಲಕೋಟೆ ತರಿಸಿದಳು. ಪಟ್ಟಿಯನ್ನು ತಾನೇ ಬರೆಯುತ್ತೇನೆಂದು ಹಟ ಹಿಡಿದು, ಎಲ್ಲರಿಗಿಂತ ಮೇಲೆ ‘ಡ್ಯಾನ್ ಬಾನ್, ನನ್ನ ಅಪ್ಪ’ ಎಂದು ಬರೆದಳು. ಬರೆದು, “ಪೆನ್ಸಿಲ್ ಕೊಡು” ಎಂದು ಡಿಂಪ್ನಾಳ ಕಿವಿಯ ಹಿಂದಿನ ಮೊಂಡು ಪೆನ್ಸಿಲ್ ಕಿತ್ತುಕೊಂಡು ‘ಬಾನ್’ ಎಂಬುದನ್ನು ಇನ್ನೂ ದಪ್ಪ ಮಾಡಿದಳು.

ಕಲ್ಲಿನ ಮುಂದೆ ಊರೆಲ್ಲ ನೆರೆದಿತ್ತು. ವಯಸ್ಸಾದವರ ಬೆಂಚು ಮುಂದಿತ್ತು. ಅಬೀನಾ ತನ್ನ ಕಪ್ಪು ಕೋಟು ತೊಟ್ಟು ಬೆಂಚಿನ ನಡುವೆ ಕೂತಿದ್ದಳು. ತನ್ನಮ್ಮ ತೊಡಲಾಗದಿದ್ದ ಕಪ್ಪನ್ನು ತಾನು ತೊಟ್ಟೇನೆಂದು ಅದನ್ನು ಹೊಸದಾಗಿ ಹೊಲಿಸಿದ್ದಳು. ಮೇಷ್ಟ್ರು ಹೆಸರುಗಳನ್ನು ಒಂದೊಂದಾಗಿ ಓದಿದರು. ಅಕ್ಷರಕ್ರಮವನ್ನು ಬದಿಗಿಟ್ಟು, ಮೊದಲು ಓದಿದ್ದೇ “ಡೇನಿಯಲ್ ಸಲಿವನ್ ಬಾನ್” ಎಂದು. ಗುಡ್ಡದಾಚೆಯ ದಾಯಾದಿ ಬಾನ್‌ಗಳು ಒಟ್ಟಾಗಿ ಬಂದು ಅಬೀನಾಳ ಹಿಂದೆ ನಿಂತಿದ್ದರು. ಟ್ರ್ಯಾಕ್ಟರಿನ ಡ್ಯಾನ್ ಬಾನ್ ಜೋರಾಗಿ ಮೂಗು ಸೀಟಿಕೊಂಡ. ಡಿಂಪ್ನಾ ನೋಡುತ್ತ ನಿಂತಳು. ನಲವತ್ತಮೂರು ಡೇನಿಯಲ್‌ಗಳನ್ನು ದಾಟಿ ಬಂದದ್ದಕ್ಕೆ ಇಷ್ಟು ಸಾಕು ಎನ್ನಿಸಿತು ಅವಳಿಗೆ.

ಅಷ್ಟರಲ್ಲಿ ಜನರ ನಡುವಿನಿಂದ ದಾರಿ ಮಾಡಿಕೊಂಡು, ಎರಡು ಕೋಲು ಊರಿಕೊಂಡು, ತೊಂಬತ್ತೇಳರ ನೋನಿ ಬಂದಳು. ಮಗನ ಕೈ ಹಿಡಿಯಲಿಲ್ಲ. ಬೆಂಚಿನ ತುದಿಗೆ ಹೋಗಲಿಲ್ಲ. ನೇರವಾಗಿ ಬಂದು ಅಬೀನಾಳ ಎದುರು ನಿಂತಳು. ಪಾದ್ರಿ ಪುಸ್ತಕ ಮುಚ್ಚಿದ. ನೋನಿಯ ದನಿ ಶಾಲೆಯಲ್ಲಿ ಹಾಡಿದಷ್ಟೇ ಗಟ್ಟಿಯಾಗಿತ್ತು.

“ಅಬೀನಾ ಬಾನ್, ಸ್ವಲ್ಪ ಸರಿ. ನಾನೂ ಕೂತ್ಕೋಬೇಕು.”

ಅಬೀನಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕಪ್ಪು ಕೋಟು ಮುದುರಿಕೊಂಡು ಸರಿದಳು.

“ಬಾ ಕೂತ್ಕೊ ನೋನಿ. ಈ ಹೆಸರು ಹೇಳೋಕೆ ನಿನಗೆ ತೊಂಬತ್ತು ವರ್ಷ ಬೇಕಾಯ್ತಲ್ಲೇ.”